ಟೌನ್ ಹಾಲಿನ ಪೂರ್ತಿ ಹೆಸರು: ಮಂಗಳೂರಿನವರಿಗೊಂದು ಬಹಿರಂಗ ಪತ್ರ

ಟೌನ್ ಹಾಲಿನಲ್ಲಿ ಕಾರ್ಯಕ್ರಮ ಮಾಡುವವರಿಗೆ, ನೋಡುವವರಿಗೆ, ಅದರ ಎದುರು ಬಸ್ಸಿಗೆ ಕಾಯುವವರಿಗೆ ನಮಸ್ಕಾರ.

ಹೋದ ತಿಂಗಳು ನಮ್ಮ ಮನೆಗೆ ಒಂದು ಆಮಂತ್ರಣ ಬಂತು. ಪರಿಚಯದವರ ಮಗಳ ರಂಗಪ್ರವೇಶ. ದಪ್ಪ ಕಾಗದ, ಮೇಲೆ ಬಂಗಾರ ಬಣ್ಣದ ಗಣಪತಿ, ಒಳಗೆ ಮುಖ್ಯ ಅತಿಥಿಗಳ ಹೆಸರು ಮತ್ತು ಅವರ ಬಿರುದುಗಳು ಆರು ಸಾಲು. ಕೊನೆಗೆ ಸಣ್ಣ ಅಕ್ಷರದಲ್ಲಿ 'ಸ್ಥಳ: ಟೌನ್ ಹಾಲ್, ಮಂಗಳೂರು'. ನಾವೆಲ್ಲ ಹಾಗೇ ಹೇಳುವುದಲ್ವಾ? ಆಟೋದವರಿಗೂ ಟೌನ್ ಹಾಲ್, ಕೇಟರಿಂಗ್‌ನವರಿಗೂ ಟೌನ್ ಹಾಲ್.

ಅವತ್ತು ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಎರಡು ಸುತ್ತು ಹೊಡೆದೆವು. ನನ್ನ ತಂಗಿಯ ಮಗನಿಗೆ ಒಂಬತ್ತು ವರ್ಷ. ಈಗಷ್ಟೇ ಸಿಕ್ಕಿದ್ದನ್ನೆಲ್ಲ ಜೋರಾಗಿ ಓದುವ ಹುಚ್ಚು. ಬೋರ್ಡು ನೋಡಿ ಅಕ್ಷರ ಅಕ್ಷರ ಕೂಡಿಸಿ ಓದಿದ: "ಕುದ್ಮುಲ್ ರಂಗರಾವ್ ಪುರಭವನ". ಆಮೇಲೆ ನನ್ನ ಕಡೆ ತಿರುಗಿ, "ದೊಡ್ಡಮ್ಮಾ, ಕುದ್ಮುಲ್ ಅಂದ್ರೆ ಎಂತ? ಊರಾ?" ಅಂತ ಕೇಳಿದ.

ಕಾರಿನಲ್ಲಿ ದೊಡ್ಡವರು ನಾಲ್ಕು ಜನ ಇದ್ದೆವು. ಒಬ್ಬರು "ಹಳೇ ಮೇಯರ್ ಇರ್ಬೇಕು ಮಾರಾಯ" ಅಂದರು. ಇನ್ನೊಬ್ಬರು "ಫ್ರೀಡಂ ಫೈಟರ್" ಅಂದರು. ಮಂಗಳೂರಲ್ಲಿ ಗೊತ್ತಿಲ್ಲದ ಹೆಸರು ಕಂಡರೆ ಈ ಎರಡರಲ್ಲಿ ಒಂದು ಹೇಳಿ ಮುಗಿಸುವುದು ರೂಢಿ. ನನಗೆ ಸ್ವಲ್ಪ ಜಾಸ್ತಿ ಗೊತ್ತಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕುದ್ಮುಲ್ ಮನೆತನದ ಹೆಸರು. ಸಾರಸ್ವತ ಬ್ರಾಹ್ಮಣರ ಮನೆ. ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡಿನಲ್ಲಿ. ಆಗ ಕಾಸರಗೋಡು ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಯೊಳಗೆ, ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿಯೊಳಗೆ. ಹದಿನಾರರ ಹೊತ್ತಿಗೆ ಅಪ್ಪ ಹೋದರು. ಮನೆಯ ಭಾರ ತಲೆ ಮೇಲೆ ಬಂತು. ಹೊಟ್ಟೆಪಾಡಿಗೆ ಮಂಗಳೂರಿಗೆ ಬಂದರು. ಮೊದಲು ಮೇಷ್ಟ್ರ ಕೆಲಸ, ಆಮೇಲೆ ಓದಿ ವಕೀಲಿ. ಬಡವರ ಕೇಸು ಹಿಡಿಯುವ ವಕೀಲರು ಅಂತ ಹೆಸರಾಯಿತು. ಇಲ್ಲಿಯವರೆಗೆ ಇದು ಆ ಕಾಲದ ಹತ್ತಾರು ಸಾರಸ್ವತ ಮನೆಗಳ ಕಥೆಯೇ. ಊರಲ್ಲಿ ಓದು ಬಂತು, ಕೋರ್ಟು ಬಂತು, ಇಂಗ್ಲಿಷ್ ಗೊತ್ತಿದ್ದವರು ಮೇಲೆ ಬಂದರು.

ಆ ಮಂಗಳೂರನ್ನು ಸ್ವಲ್ಪ ನೆನಪಿಸಿಕೊಳ್ಳಿ. ಬಾಸೆಲ್ ಮಿಷನ್ 1834ರಲ್ಲೇ ಬಂದು ಶಾಲೆ, ಪ್ರೆಸ್ಸು, ಹಂಚಿನ ಕಾರ್ಖಾನೆ ಎಲ್ಲ ಮಾಡಿ ಆಗಿತ್ತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹೈಸ್ಕೂಲು. 1906ರಲ್ಲಿ ಅವರದ್ದೇ ಬ್ಯಾಂಕು. 1907ರಲ್ಲಿ ರೈಲು. ನಾವು ಇವತ್ತು ಎದೆ ತಟ್ಟಿ ಹೇಳಿಕೊಳ್ಳುವ 'ವಿದ್ಯಾವಂತರ ಊರು, ಬ್ಯಾಂಕಿನ ಊರು' ಹುಟ್ಟಿದ್ದು ಈ ಮೂವತ್ತು ವರ್ಷಗಳೊಳಗೆ. ಆದರೆ ಊರಿನ ಎಷ್ಟೋ ಶಾಲೆಗಳ ಬೆಂಚಿನ ಮೇಲೆ ದಲಿತರ ಮಕ್ಕಳು ಕೂರುವಂತಿರಲಿಲ್ಲ. ಬೆಂಚು ಬಿಡಿ, ಎಷ್ಟೋ ಬೀದಿಗಳಲ್ಲಿ ನಡೆಯುವಂತೆಯೇ ಇರಲಿಲ್ಲ. ಬಾವಿಯ ನೀರು, ದೇವಸ್ಥಾನದ ರಥಬೀದಿ, ಹೋಟೆಲಿನ ಒಳಗೆ, ಯಾವುದೂ ಇಲ್ಲ. ಕೊರಗ ಬುಡಕಟ್ಟಿನವರನ್ನು ಮನುಷ್ಯರಿಗಿಂತ ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿ ನಿಲ್ಲಿಸಲು ನಮ್ಮ ರಾಜ್ಯಕ್ಕೆ 2000ನೇ ಇಸವಿಯಲ್ಲಿ ಕಾನೂನು ಮಾಡಬೇಕಾಯಿತು ಅಂದರೆ, ನೂರು ವರ್ಷ ಹಿಂದೆ ಹೇಗಿತ್ತು ಅಂತ ನೀವೇ ಅಂದಾಜು ಮಾಡಿ.

ರಂಗರಾಯರು ಬ್ರಹ್ಮ ಸಮಾಜಕ್ಕೆ ಸೇರಿದವರು. ಮಂಗಳೂರಲ್ಲಿ 1870ರಲ್ಲೇ ಬ್ರಹ್ಮ ಸಮಾಜ ಶುರುವಾಗಿತ್ತು. ಅದರ ಹಿಂದೆ ಬಿಲ್ಲವ ಮುಖಂಡ ಅರಸಪ್ಪನವರ ಒತ್ತಾಸೆ ಇತ್ತು, ಸಾರಸ್ವತರಲ್ಲಿ ಕೆಲವು ಓದಿದವರೂ ಇದ್ದರು. ಮೂರ್ತಿ ಇಲ್ಲ, ಜಾತಿ ಇಲ್ಲ, ಒಬ್ಬನೇ ದೇವರು. ಹಾಗಂತ ಭಾಷಣ ಕೇಳಿ ಮನೆಗೆ ಹೋಗಿ ಮಡಿ ಉಟ್ಟವರೂ ಇದ್ದಿರಬೇಕು, ಅದು ಎಲ್ಲ ಕಾಲದಲ್ಲೂ ಇರುತ್ತದೆ. ರಂಗರಾಯರು ಮಾತ್ರ ಕೇಳಿದ್ದನ್ನು ಮನೆಯೊಳಗೆ ತಂದುಕೊಂಡರು.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಆಗಿನವರ ಬಾಯಲ್ಲಿ ಇಂಥ ಶಾಲೆಗೆ 'ಪಂಚಮ ಶಾಲೆ' ಅಂತ ಹೆಸರು. ಕೆನರಾ ಹೈಸ್ಕೂಲು ಶುರುವಾಗಿ ಒಂದೇ ವರ್ಷ ಆಗಿತ್ತು ನೋಡಿ. ಒಂದೇ ಊರು, ಸಾರಸ್ವತರೇ ಆದ ಇಬ್ಬರು ವಕೀಲರು, ಎರಡು ಶಾಲೆ. ಒಂದಕ್ಕೆ ಮಕ್ಕಳನ್ನು ಸೇರಿಸಲು ಜನ ಮುಂದೆ ಬಂದರು. ಇನ್ನೊಂದಕ್ಕೆ ಮನೆ ಮನೆಗೆ ಹೋಗಿ ಮಕ್ಕಳನ್ನು ಕೇಳಿ ತರಬೇಕಾಯಿತು.

ಈ ಕೇಳಿ ತರುವ ವಿಷಯದ ಮುಂದೆ ಸ್ವಲ್ಪ ನಿಲ್ಲುತ್ತೇನೆ. ರಂಗರಾಯರು ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರು. ಇದನ್ನು ಎಲ್ಲರೂ 'ಎಂಥ ಉದಾರಿ' ಅಂತ ಹೇಳಿ ಮುಂದೆ ಹೋಗುತ್ತಾರೆ. ನನಗೆ ಅದು ಉದಾರತೆಗಿಂತ ಲೆಕ್ಕ ಗೊತ್ತಿದ್ದವರ ಕೆಲಸ ಅನ್ನಿಸುತ್ತದೆ. ದಲಿತರ ಮನೆಯ ಎಂಟು ವರ್ಷದ ಹುಡುಗ ಅಂದರೆ ಆಗ ಒಡೆಯರ ಮನೆಯ ದನ ಮೇಯಿಸುವವ. ಹುಡುಗಿ ಅಂದರೆ ತಂಗಿ ತಮ್ಮಂದಿರನ್ನು ಎತ್ತಿಕೊಳ್ಳುವವಳು, ಸೊಪ್ಪು ತರುವವಳು. ಅವರು ಶಾಲೆಗೆ ಹೋದರೆ ಮನೆಯ ಒಂದು ತುತ್ತು ಕಮ್ಮಿ. ಆ ತುತ್ತಿನ ಬೆಲೆ ಎರಡು ಪೈಸೆ. ಹಳೇ ಲೆಕ್ಕದಲ್ಲಿ ಅರ್ಧ ಆಣೆ. ತಿಂಗಳಿಗೆ ಇಪ್ಪತ್ತನಾಲ್ಕು ದಿನ ಬಂದರೆ ಒಂದು ಮಗುವಿಗೆ ಹನ್ನೆರಡು ಆಣೆ, ಅಂದರೆ ಮುಕ್ಕಾಲು ರೂಪಾಯಿ. ನಲವತ್ತು ಮಕ್ಕಳು ಅಂತ ಇಟ್ಟುಕೊಳ್ಳಿ, ತಿಂಗಳಿಗೆ ಮೂವತ್ತು ರೂಪಾಯಿ ಆಯಿತು. ಮೇಷ್ಟ್ರ ಸಂಬಳ ಬೇರೆ, ಸ್ಲೇಟು ಬಳಪ ಬೇರೆ, ಮಧ್ಯಾಹ್ನದ ಊಟ ಬೇರೆ. ಹೌದು, ಊಟವೂ ಇತ್ತು. ಬಿಸಿಯೂಟ ಅನ್ನುವ ಮಾತು ಸರ್ಕಾರದ ಬಾಯಿಗೆ ಬರುವುದಕ್ಕೆ ಎಷ್ಟೋ ಮೊದಲು.

ಮೇಷ್ಟ್ರು ಸಿಗುವುದೂ ಸುಲಭ ಇರಲಿಲ್ಲ. ಮೇಲ್ಜಾತಿಯವರು ಆ ಶಾಲೆಯ ಹೊಸ್ತಿಲು ದಾಟಲು ತಯಾರಿರಲಿಲ್ಲ. ಸಂಬಳ ಕೊಡುತ್ತೇನೆಂದರೂ ಇಲ್ಲ. ಕ್ರೈಸ್ತ ಮೇಷ್ಟ್ರುಗಳು ಬಂದು ಪಾಠ ಮಾಡಿದರು. ಹೀಗೆ ಒಬ್ಬ ಬ್ರಾಹ್ಮಣ ಕುಲದಲ್ಲಿ ಹುಟ್ಟಿದವ ಹಣ ಹಾಕಿದ, ಕ್ರೈಸ್ತರು ಕಲಿಸಿದರು, ದಲಿತರು ಕಲಿತರು. ನಮ್ಮೂರಿನ ಹೊಂದಾಣಿಕೆ ಬಗ್ಗೆ ವೇದಿಕೆ ಮೇಲೆ ಮಾತಾಡುವವರಿಗೆ ಈ ಉದಾಹರಣೆ ಯಾಕೋ ನೆನಪಾಗುವುದಿಲ್ಲ.

1897ರಲ್ಲಿ ಇದೆಲ್ಲ ಸೇರಿ ಡಿಪ್ರೆಸ್ಡ್ ಕ್ಲಾಸಸ್ (ಆಗಿನ ಇಂಗ್ಲಿಷಿನಲ್ಲಿ ದಲಿತರಿಗೆ ಇದ್ದ ಹೆಸರು) ಮಿಷನ್ ಅಂತ ಸಂಸ್ಥೆ ಆಯಿತು. ಊರಿನವರು ಡಿ.ಸಿ.ಎಂ. ಅನ್ನುತ್ತಿದ್ದರು. ಇದೇ ಹೆಸರಿನ ಸಂಸ್ಥೆಯನ್ನು ವಿಠ್ಠಲ ರಾಮಜಿ ಶಿಂಧೆಯವರು ಮುಂಬೈಯಲ್ಲಿ ಕಟ್ಟಿದ್ದು 1906ರಲ್ಲಿ. ಅವರ ಮೇಲೆ ದೊಡ್ಡ ದೊಡ್ಡ ಪುಸ್ತಕಗಳಿವೆ, ಇರಬೇಕಾದ್ದೇ. ಶಿಂಧೆಯವರು ಹುಟ್ಟಿದ್ದು ಜಮಖಂಡಿಯಲ್ಲಿ ಅನ್ನುವುದೂ ನಮಗೆ ಹೆಮ್ಮೆಯೇ. ಆದರೆ ಮಂಗಳೂರಿನದು ಅದಕ್ಕಿಂತ ಒಂಬತ್ತು ವರ್ಷ ಹಳೆಯದು ಅಂತ ನಮ್ಮ ಮಕ್ಕಳಿಗೆ ಯಾರು ಹೇಳಿದ್ದಾರೆ? ಓದು ಒಂದೇ ಸಾಲದು ಅಂತ ನೇಯ್ಗೆ, ಬಡಗಿ ಕೆಲಸ ಕಲಿಸಿದರು. ಕೋಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ಮಕ್ಕಳು ಉಳಿದುಕೊಳ್ಳಲು ವ್ಯವಸ್ಥೆ ಆಯಿತು. ಇರಲು ನೆಲ ಇಲ್ಲದವರಿಗೆ ನೆಲ ಮಾಡಿಸಿಕೊಡುವ ಕೆಲಸವೂ ನಡೆಯಿತು. ಒಡೆಯ ಎಬ್ಬಿಸಿದರೆ ಏಳಬೇಕಾದ ಗುಡಿಸಲಿನಿಂದ ಮಗು ಎಷ್ಟು ದಿನ ಶಾಲೆಗೆ ಬಂದೀತು? ವಕೀಲರಾದ್ದರಿಂದ ಈ ಗಂಟು ಅವರಿಗೆ ಬೇಗ ಗೊತ್ತಾಗಿರಬೇಕು.

ಈಗ ನಾನು ಕಾರಿನಲ್ಲಿ ಯಾಕೆ ಬಾಯಿ ಮುಚ್ಚಿ ಕೂತೆ ಅಂತ ಹೇಳುತ್ತೇನೆ.

ರಂಗರಾಯರ ಮನೆಗೆ ಬಹಿಷ್ಕಾರ ಹಾಕಿದರು. ಹಾಕಿದವರು ಯಾರೋ ಹೊರಗಿನವರಲ್ಲ, ಸ್ವಂತ ಸಮುದಾಯದವರು. ನಾನು ಹುಟ್ಟಿದ್ದು ಅದೇ ಸಮುದಾಯದಲ್ಲಿ. ನನ್ನ ಅಜ್ಜಿಗೆ ಅವಳ ಅಮ್ಮ ಹೇಳಿದ ಒಂದು ಮಾತಿತ್ತು. ಅಜ್ಜಿ ಅದನ್ನು ನನಗೆ ಒಂದು ಮಳೆಗಾಲದ ಮಧ್ಯಾಹ್ನ ಹಲಸಿನ ಬೀಜ ಸುಲಿಯುತ್ತಾ ಹೇಳಿದ್ದಳು. "ಆ ಮನೆಯ ಎದುರು ಹೋಗುವಾಗ ಸೆರಗು ಒತ್ತಿ ಹಿಡಿದುಕೊಳ್ಳಬೇಕಿತ್ತಂತೆ." ಯಾಕೆ ಅಂತ ಕೇಳಿದೆ. "ಗಾಳಿಗೆ ಹಾರಿ ತಾಗಬಾರದಲ್ವಾ" ಅಂದಳು. ಹೇಳಿ ನಕ್ಕಳು. ನಾಚಿಕೆಯಲ್ಲೋ, ಅದು ತಮಾಷೆ ಅನ್ನಿಸಿಯೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಬೀಜ ಸುಲಿಯುವುದನ್ನು ಮಾತ್ರ ಅವಳು ನಿಲ್ಲಿಸಲಿಲ್ಲ.

ಒಂಬತ್ತು ವರ್ಷದ ಹುಡುಗನಿಗೆ ಈ ಸೆರಗಿನ ಕಥೆ ಹೇಳದೆ ಕುದ್ಮುಲ್ ಯಾರು ಅಂತ ಹೇಗೆ ಹೇಳುವುದು? 'ಮಹಾನ್ ಸಮಾಜ ಸುಧಾರಕ' ಅಂತ ಮೂರು ಶಬ್ದ ಹೇಳಿ ಮುಗಿಸಬಹುದಿತ್ತು. ಹಾಗೆ ಹೇಳಿದಾಗ ಸುಧಾರಣೆ ಆಗಬೇಕಾದವರು ಯಾರು ಅನ್ನುವುದು ಆಚೆಗೆ ಹೋಗುತ್ತದೆ. ದಲಿತರಿಗೆ ಸುಧಾರಣೆ ಬೇಕಿತ್ತು ಅನ್ನೋ ಹಾಗೆ ಕೇಳಿಸುತ್ತದೆ. ಬೇಕಿದ್ದದ್ದು ಸೆರಗು ಒತ್ತಿ ಹಿಡಿದ ನಮ್ಮವರಿಗೆ.

ಬಹಿಷ್ಕಾರ ಅಂದರೆ ಏನು ಅಂತ ಇವತ್ತಿನವರಿಗೆ ಗೊತ್ತಾಗುವುದು ಕಷ್ಟ. ಒಂದು ದಿನದ ಗಲಾಟೆ ಅಲ್ಲ ಅದು. ಮದುವೆಗೆ ಕರೆಯುವುದಿಲ್ಲ. ಕರೆದರೆ ಬರುವುದಿಲ್ಲ. ಶ್ರಾದ್ಧಕ್ಕೆ ಭಟ್ಟರಿಲ್ಲ. ಹೆಣ್ಣುಮಕ್ಕಳಿಗೆ ಗಂಡು ಸಿಗುವುದಿಲ್ಲ. ಗಂಡಸರು ಕೋರ್ಟಿಗೆ ಹೋಗಿ ನಾಲ್ಕು ಜನರ ನಡುವೆ ಇದ್ದು ಬರುತ್ತಾರೆ. ಮನೆಯೊಳಗಿನ ಹೆಂಗಸರಿಗೆ ಅದೂ ಇಲ್ಲ. ತವರಿಗೆ ಹೋಗುವ ದಾರಿಯೇ ಮುಚ್ಚುತ್ತದೆ. ರಂಗರಾಯರ ಬಗ್ಗೆ ಮಾತಾಡುವ ನಾವು ಅವರೊಬ್ಬರನ್ನೇ ನಿಲ್ಲಿಸಿ ಹಾರ ಹಾಕುತ್ತೇವೆ. ಆ ಮನೆಯ ಹೆಂಗಸರಿಗೆ ಹಾರ ಹೋಗಲಿ, ಒಂದು ಸಾಲೂ ಇಲ್ಲ. ಊರೇ ದೂರ ಇಟ್ಟ ಮನೆಯಲ್ಲಿ ದಿನಾ ಒಲೆ ಹಚ್ಚಿದವರು ಅವರು. ನನಗೆ ಆ ಮನೆಯ ಕಥೆಯಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಆ ಮನೆಯ ಮಗಳು ರಾಧಾಬಾಯಿ. ಹುಟ್ಟಿದ್ದು 1891ರಲ್ಲಿ, ಮಂಗಳೂರಲ್ಲೇ. ಚಿಲಿಂಬಿ ಶಾಲೆ ಶುರುವಾದಾಗ ತೊಟ್ಟಿಲಿನ ಕೂಸು. ಊರಿನ ಬೇರೆ ಹುಡುಗಿಯರು ಹತ್ತು ಹನ್ನೆರಡಕ್ಕೆ ಮದುವೆಯಾಗಿ ಹೋಗುತ್ತಿದ್ದ ಕಾಲದಲ್ಲಿ ಇವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಆಕ್ಸ್‌ಫರ್ಡಿನ ಸೋಮರ್‌ವಿಲ್ ಕಾಲೇಜಿನಲ್ಲೂ ಓದಿದರು. 1912ರಲ್ಲಿ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಅವರು ಸೇಲಂ ಕಡೆಯ ಕುಮಾರಮಂಗಲಂ ಜಮೀನ್ದಾರರು. ಜಾತಿ ಬೇರೆ, ಭಾಷೆ ಬೇರೆ, ಊಟ ಬೇರೆ. ಬಹಿಷ್ಕಾರ ಹಾಕಿದವರಿಗೆ ಅವತ್ತು ಏನನ್ನಿಸಿತೋ! ಸುಬ್ಬರಾಯನ್ 1926ರಿಂದ 1930ರವರೆಗೆ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿ. ಅಂದರೆ ನಮ್ಮ ಮಂಗಳೂರೂ ಸೇರಿದಂತೆ ಇಡೀ ಪ್ರಾಂತಕ್ಕೆ. ದೂರ ಇಟ್ಟ ಮನೆಯ ಅಳಿಯನ ಹತ್ತಿರ ಅರ್ಜಿ ಹಿಡಿದುಕೊಂಡು ಹೋಗುವ ಕಾಲ ಬಂತು ಅನ್ನಿ.

1930ರಲ್ಲಿ ಲಂಡನ್ನಿನಲ್ಲಿ ಮೊದಲ ದುಂಡುಮೇಜಿನ ಸಭೆ ನಡೆಯಿತು. ಅಲ್ಲಿಗೆ ಹೋದ ಹೆಂಗಸರು ಇಬ್ಬರೇ. ಒಬ್ಬರು ಲಾಹೋರಿನ ಬೇಗಂ ಶಾಹ್ ನವಾಜ್. ಇನ್ನೊಬ್ಬರು ನಮ್ಮ ಮಂಗಳೂರಿನ ರಾಧಾಬಾಯಿ ಸುಬ್ಬರಾಯನ್. ಹೆಂಗಸರಿಗೆ ಸ್ವಲ್ಪ ಕಾಲವಾದರೂ ಸೀಟು ಮೀಸಲಿಡಿ ಅಂತ ಇಬ್ಬರೂ ಅಲ್ಲಿ ಕೇಳಿದರು. ಅದೇ ಸಭೆಯಲ್ಲಿ ದಲಿತರ ಪ್ರತಿನಿಧಿಯಾಗಿ ಬಾಬಾಸಾಹೇಬ್ ಅಂಬೇಡ್ಕರ್ ಇದ್ದರು. ಅವರೂ 1891ರಲ್ಲಿ ಹುಟ್ಟಿದವರು, ಅದೇ ಏಪ್ರಿಲ್ ತಿಂಗಳಲ್ಲಿ. ರಾಧಾಬಾಯಿಯ ಅಪ್ಪ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟುವಾಗ ಅಂಬೇಡ್ಕರ್‌ಗೆ ಆರು ವರ್ಷ. ಮೂವತ್ತಮೂರು ವರ್ಷ ಕಳೆದು ಆ ಅಪ್ಪನ ಮಗಳು ಮತ್ತು ಆ ಆರು ವರ್ಷದ ಹುಡುಗ ಒಂದೇ ಸಭೆಯಲ್ಲಿ ಕೂತಿದ್ದರು. ಇಬ್ಬರೂ ಅಲ್ಲಿ ಏನು ಮಾತಾಡಿಕೊಂಡರೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಬಹುಶಃ ಲಂಡನ್ನಿನ ಚಳಿ ಬಗ್ಗೆ ಇರಬಹುದು. 1938ರಲ್ಲಿ ರಾಧಾಬಾಯಿ ಕೇಂದ್ರದ ಮೇಲ್ಮನೆಗೆ, ಅಂದರೆ ಆಗಿನ ಕೌನ್ಸಿಲ್ ಆಫ್ ಸ್ಟೇಟ್ಸ್‌ಗೆ, ಆರಿಸಿ ಹೋದರು. ಅಲ್ಲಿಗೆ ಹೋದ ಮೊದಲ ಹೆಂಗಸು.

ಇವರ ಮಕ್ಕಳ ಹೆಸರು ನಿಮಗೆ ಗೊತ್ತಿರುತ್ತದೆ, ಅವರು ಕುದ್ಮುಲ್ ಮನೆಯ ಮೊಮ್ಮಕ್ಕಳು ಅಂತ ಮಾತ್ರ ಗೊತ್ತಿರುವುದಿಲ್ಲ. ಜನರಲ್ ಪಿ.ಪಿ. ಕುಮಾರಮಂಗಲಂ 1966ರಿಂದ 1969ರವರೆಗೆ ಭೂಸೇನೆಯ ಮುಖ್ಯಸ್ಥರು. ಮೋಹನ್ ಕುಮಾರಮಂಗಲಂ ಕಮ್ಯುನಿಸ್ಟ್ ಆಗಿ, ಆಮೇಲೆ ಇಂದಿರಾ ಗಾಂಧಿಯವರ ಸಂಪುಟದಲ್ಲಿ ಮಂತ್ರಿಯಾಗಿ, 1973ರ ವಿಮಾನ ಅಪಘಾತದಲ್ಲಿ ತೀರಿಕೊಂಡವರು. ಪಾರ್ವತಿ ಕೃಷ್ಣನ್ ಕೊಯಮತ್ತೂರಿನಿಂದ ಗೆದ್ದ ಕಮ್ಯುನಿಸ್ಟ್ ಸಂಸದೆ. ಒಂದೇ ಮನೆಯಲ್ಲಿ ಒಬ್ಬ ಜನರಲ್, ಇಬ್ಬರು ಕಮ್ಯುನಿಸ್ಟರು. ಊಟದ ಹೊತ್ತಿಗೆ ಆ ಮನೆಯಲ್ಲಿ ಎಂಥ ಜಗಳ ನಡೆಯುತ್ತಿತ್ತೋ, ನೋಡಬೇಕಿತ್ತು.

ಇಷ್ಟು ಹೊತ್ತು ಒಂದು ಮನೆಯ ಬಗ್ಗೆಯೇ ಹೇಳಿದೆ. ಇಂಥ ಮನೆ ಅದೊಂದೇ ಇರಲಿಲ್ಲ. ಟೌನ್ ಹಾಲಿನಿಂದ ಹಂಪನಕಟ್ಟೆ ದಾಟಿ ಸ್ವಲ್ಪ ನಡೆದರೆ ಕೆ.ಎಸ್. ರಾವ್ ರೋಡ್ ಸಿಗುತ್ತದೆ. ಮಾಲ್‌ಗೆ ಹೋಗುವ ರೋಡ್ ಅಂದರೆ ಎಲ್ಲರಿಗೂ ಗೊತ್ತು. ಕೆ.ಎಸ್. ಅಂದರೆ ಕಾರ್ನಾಡ್ ಸದಾಶಿವ. ಅವರೂ ಸಾರಸ್ವತರೇ, ಅವರೂ ವಕೀಲರೇ, ಆದರೆ ಹುಟ್ಟುವಾಗಲೇ ಶ್ರೀಮಂತರು. 1911ರಲ್ಲಿ ಅವರು, ಹೆಂಡತಿ ಶಾಂತಾಬಾಯಿ ಸೇರಿ ಮಹಿಳಾ ಸಭಾ ಶುರು ಮಾಡಿದರು, ಗಂಡ ಸತ್ತವರಿಗೆ, ಕೈಯಲ್ಲಿ ಕಾಸಿಲ್ಲದ ಹೆಂಗಸರಿಗೆ ಒಂದು ದಾರಿಯಾಗಲಿ ಅಂತ. 1920ರಲ್ಲಿ ಗಾಂಧಿ ಮಂಗಳೂರಿಗೆ ಬರುವ ಹೊತ್ತಿಗೆ ಈ ಮನೆ ಚಳವಳಿಗೆ ಪೂರ್ತಿ ಬಿದ್ದಾಗಿತ್ತು. ಇದ್ದ ಆಸ್ತಿಯೆಲ್ಲ ಕರಗಿತು. 1936ರ ಕೊನೆಗೆ ಸದಾಶಿವರಾಯರು ಫೈಜ್‌ಪುರ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿ ಕಾಯಿಲೆ ಬಿದ್ದು, 1937ರ ಜನವರಿ 9ರಂದು ಮುಂಬೈಯಲ್ಲಿ ತೀರಿಕೊಂಡರು. ಬೆಂಗಳೂರಿನ ಸದಾಶಿವನಗರ ಅಂತಿದೆಯಲ್ಲ, ಒಂದು ಸೈಟಿನ ರೇಟು ಕೇಳಿದರೆ ತಲೆ ತಿರುಗುವ ಜಾಗ, ಅದಕ್ಕೆ ಹೆಸರು ಬಂದಿದ್ದು ಇವರಿಂದಲೇ. ಕೈ ಖಾಲಿ ಮಾಡಿಕೊಂಡು ಸತ್ತವರ ಹೆಸರಿನಲ್ಲಿ!

ಶಾಂತಾಬಾಯಿಯ ಹೆಸರಿನಲ್ಲಿ ಯಾವ ಬಡಾವಣೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಇದನ್ನು ಸುಮ್ನೆ ಹೇಳಿದೆ.

ಮತ್ತೆ ರಂಗರಾಯರ ಕಡೆಗೆ ಬರುತ್ತೇನೆ. 1927ರಲ್ಲಿ ಅವರು ಸಂನ್ಯಾಸ ತೆಗೆದುಕೊಂಡು ಈಶ್ವರಾನಂದ ಅಂತ ಹೆಸರಿಟ್ಟುಕೊಂಡರು. 1928ರ ಜನವರಿ 30ರಂದು ತೀರಿಕೊಂಡರು. ಇಪ್ಪತ್ತು ವರ್ಷದ ನಂತರ ಅದೇ ದಿನ ಗಾಂಧಿಯ ಕೊಲೆಯಾಯಿತು. ಹಾಗಾಗಿ ಪ್ರತಿ ವರ್ಷ ಜನವರಿ 30ಕ್ಕೆ ನಾವು ಎರಡು ನಿಮಿಷ ಮೌನ ನಿಲ್ಲುತ್ತೇವೆ, ನಮ್ಮೂರಿನವರೊಬ್ಬರೂ ಅದೇ ದಿನ ಹೋದರು ಅನ್ನುವುದು ಆ ಮೌನದಲ್ಲಿ ಮುಳುಗಿ ಹೋಗುತ್ತದೆ. ಗಾಂಧಿ 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯಲ್ಲಿ ಮಂಗಳೂರಿಗೆ ಬಂದಾಗ ರಂಗರಾಯರ ಕೆಲಸವನ್ನು ಮೆಚ್ಚಿ ಮಾತಾಡಿದರು ಅಂತ ಊರಿನ ಹಿರಿಯರು ಈಗಲೂ ಹೇಳುತ್ತಾರೆ.

ಸಾಯುವ ಮೊದಲು ಅವರು ಎರಡು ಆಸೆ ಹೇಳಿಕೊಂಡಿದ್ದರು. ಒಂದು, ತನ್ನ ಅಂತ್ಯಸಂಸ್ಕಾರವನ್ನು ಊರಿನ ಕಸ ಗುಡಿಸುವವರು ಮಾಡಬೇಕು. ಆಗ ಅವರನ್ನು ತೋಟಿಗಳು ಅನ್ನುತ್ತಿದ್ದರು, ಈಗ ಪೌರಕಾರ್ಮಿಕರು ಅನ್ನುತ್ತೇವೆ. ಎರಡನೆಯದು ಬಾಬುಗುಡ್ಡೆಯಲ್ಲಿರುವ ಅವರ ಸಮಾಧಿಯ ಮೇಲೆ ಬರೆದಿದೆ. ತನ್ನ ಶಾಲೆಯಲ್ಲಿ ಕಲಿತ ದಲಿತರ ಮಕ್ಕಳು ಸರ್ಕಾರಿ ಕೆಲಸಕ್ಕೆ ಸೇರಿ ಈ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಚಕ್ರದ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಅಂತ.

ಈ ಮಾತನ್ನು ನಾನು ಮೊದಲು ಓದಿದಾಗ ಕಣ್ಣಲ್ಲಿ ನೀರು ಬಂತು. ಎರಡನೇ ಸಲ ಓದಿದಾಗ ಕಾರು ಅನ್ನುವ ಶಬ್ದದ ಹತ್ತಿರ ನಿಂತೆ. ನಡೆದಾಡಲಿ ಅಂತ ಹೇಳಬಹುದಿತ್ತು. ಎತ್ತಿನ ಗಾಡಿ ಅನ್ನಬಹುದಿತ್ತು. 1920ರ ದಶಕದ ಮಂಗಳೂರಲ್ಲಿ ಕಾರು ಎಷ್ಟಿದ್ದೀತು ಹೇಳಿ? ಕಲೆಕ್ಟರು, ದೊಡ್ಡ ವ್ಯಾಪಾರಿಗಳು, ಅಷ್ಟೇ. ದಲಿತರಿಗೆ ಹೊಟ್ಟೆ ತುಂಬಿದರೆ ಸಾಕು ಅಂತ ಯೋಚಿಸುವ ದಯಾಳುಗಳು ಆಗಲೂ ಬೇಕಾದಷ್ಟಿದ್ದರು, ಈಗಲೂ ಇದ್ದಾರೆ. ಇವರು ಕೇಳಿದ್ದು ಕಾರು. ಧೂಳು ಏಳುವಷ್ಟು ಜೋರಾಗಿ ಹೋಗುವ ಕಾರು. ಮುಟ್ಟಬಾರದು ಅಂತ ಊರು ಯಾರನ್ನು ದೂರ ನಿಲ್ಲಿಸಿತ್ತೋ ಅವರ ಕಾರಿನ ಧೂಳು ತನ್ನ ತಲೆಗೆ ಬರಲಿ ಅಂತ. ಅಜ್ಜಿಯ ಅಮ್ಮ ಒತ್ತಿ ಹಿಡಿದ ಸೆರಗು ನನಗೆ ಆಗ ನೆನಪಾಯಿತು.

ಒಂದು ತಕರಾರು ನನ್ನ ಮೇಲೆಯೇ ಇದೆ. ಈ ಪತ್ರದಲ್ಲೂ ನಾನು ಒಂದು ಓದಿದ ಮನೆಯ ಬಗ್ಗೆ, ಆ ಮನೆಯ ಆಕ್ಸ್‌ಫರ್ಡ್ ಬಗ್ಗೆ, ಮಂತ್ರಿ ಜನರಲ್‌ಗಳ ಬಗ್ಗೆ ಉದ್ದುದ್ದ ಬರೆದೆ. ಚಿಲಿಂಬಿ ಶಾಲೆಗೆ ಮೊದಲ ದಿನ ಮಗುವನ್ನು ಕಳಿಸಿದ ಅಮ್ಮನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ರಂಗರಾಯರಿಗೆ ಬಹಿಷ್ಕಾರ ಬಿದ್ದರೆ ವಕೀಲಿ ಇತ್ತು, ಮನೆ ಇತ್ತು. ಆ ಅಮ್ಮನಿಗೆ ಒಡೆಯ 'ಮಗನನ್ನು ಯಾಕೆ ದನಕ್ಕೆ ಕಳಿಸಿಲ್ಲ' ಅಂತ ಕೇಳಿದರೆ ಹೋಗಲು ಇನ್ನೊಂದು ಜಾಗ ಇರಲಿಲ್ಲ. ಎರಡು ಪೈಸೆ ನಂಬಿ ಒಡೆಯನನ್ನು ಎದುರು ಹಾಕಿಕೊಳ್ಳುವುದು ಎಂಥ ಧೈರ್ಯದ ಕೆಲಸ! ಆ ಮನೆಗಳ ಹೆಸರು ಯಾವ ಬೋರ್ಡಿನ ಮೇಲೂ ಇಲ್ಲ. ಅವರು ಹೇಳದೆ ನನಗೆ ಗೊತ್ತಾಗುವ ಹಾಗೂ ಇಲ್ಲ.

ಆದ್ದರಿಂದ ಮೊದಲ ಕೋರಿಕೆ ಆ ಮನೆಗಳವರಿಗೆ. ನಿಮ್ಮ ಮುತ್ತಜ್ಜ ಮುತ್ತಜ್ಜಿ ಆ ಶಾಲೆಗಳಲ್ಲಿ ಕಲಿತಿದ್ದರೆ, ಶೇಡಿಗುಡ್ಡೆಯಲ್ಲಿ ಉಳಿದಿದ್ದರೆ, ಅಲ್ಲಿ ಮಗ್ಗ ಹಿಡಿದಿದ್ದರೆ, ಅವರು ಹೇಳಿದ್ದನ್ನು ದಯವಿಟ್ಟು ಬರೆದಿಡಿ. ತುಳುವಿನಲ್ಲೇ ಬರೆಯಿರಿ, ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿದರೂ ಆಯಿತು. ಹೊಗಳಬೇಕು ಅಂತ ಏನೂ ಇಲ್ಲ. ಊಟ ಚೆನ್ನಾಗಿರಲಿಲ್ಲ, ಮೇಷ್ಟ್ರು ಹೊಡೆಯುತ್ತಿದ್ದರು ಅಂತ ಇದ್ದರೆ ಅದನ್ನೇ ಬರೆಯಿರಿ. ಹಳೇ ಗ್ರೂಪ್ ಫೋಟೋ ಇದ್ದರೆ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆದಿಡಿ. ಗೆದ್ದಲಿಗೆ ಫೋಟೋ ಅಂದರೆ ಪ್ರಾಣ, ನಮ್ಮೂರಿನ ಮಳೆ ಬೇರೆ.

ಎರಡನೆಯದು ನನ್ನ ಹಾಗೆ ಆಚೆ ಬದಿಯ ಮನೆಗಳಲ್ಲಿ ಹುಟ್ಟಿದವರಿಗೆ. ನಿಮ್ಮ ಅಜ್ಜಿಯರ ಹತ್ತಿರವೂ ಸೆರಗಿನಂಥ ಒಂದು ಮಾತು ಇದ್ದೇ ಇರುತ್ತದೆ. ಅವರು ಹೋಗುವ ಮೊದಲು ಕೇಳಿಸಿಕೊಳ್ಳಿ. ಕೇಳಿ, ಮಕ್ಕಳಿಗೆ ಹೇಳಿ. ಸಾರಸ್ವತರ ಕೊಡುಗೆ ಅಂತ ಪುಸ್ತಕ ಮಾಡುವಾಗ ರಂಗರಾಯರ ಫೋಟೋವನ್ನು ಮೊದಲ ಪುಟದಲ್ಲಿ ಹಾಕುವ ನಮಗೆ, ಅವರನ್ನು ದೂರ ಇಟ್ಟವರೂ ನಾವೇ ಅಂತ ಅದರ ಕೆಳಗೆ ಒಂದು ಸಾಲು ಹಾಕುವುದಕ್ಕೆ ಜಾಗ ಇಲ್ಲ ಅಂದರೆ ಹೇಗೆ?

ಮೂರನೆಯದು ತೀರಾ ಸಣ್ಣದು, ಎಲ್ಲರಿಗೂ. ಆಮಂತ್ರಣದಲ್ಲಿ ಪೂರ್ತಿ ಹೆಸರು ಹಾಕಿ. 'ಕುದ್ಮುಲ್ ರಂಗರಾವ್ ಪುರಭವನ'. ಆಟೋದವರಿಗೆ ಬೇಕಾದರೆ ಟೌನ್ ಹಾಲ್ ಅಂತಲೇ ಹೇಳಿ, ಪಾಪ ಅವರ ಹೊತ್ತು ಯಾಕೆ ಹಾಳು ಮಾಡುವುದು. ಆದರೆ ಕಾಗದದ ಮೇಲೆ ಪೂರ್ತಿ ಇರಲಿ. ಯಾವುದಾದರೂ ಮನೆಯಲ್ಲಿ ಈಗಷ್ಟೇ ಓದಲು ಕಲಿತ ಒಂದು ಮಗು ಕೂಡಿಸಿ ಓದಿ, ಕುದ್ಮುಲ್ ಅಂದ್ರೆ ಎಂತ ಅಂತ ಕೇಳೀತು.

ಮುಂದಿನ ತಿಂಗಳು ನಮ್ಮ ಸಂಘದ ಯಕ್ಷಗಾನ ತಾಳಮದ್ದಳೆ ಅಲ್ಲೇ ಇದೆ. ಆಮಂತ್ರಣ ಮಾಡಿಸಲು ನಿನ್ನೆ ಪ್ರೆಸ್ಸಿಗೆ ಹೋಗಿದ್ದೆ. ಕಂಪ್ಯೂಟರಿನ ಮುಂದೆ ಕೂತ ಹುಡುಗ ಪೂರ್ತಿ ಹೆಸರು ಟೈಪ್ ಮಾಡಿ ನೋಡಿ, "ಮೇಡಂ, ಒಂದು ಸಾಲಿನಲ್ಲಿ ಕೂರುವುದಿಲ್ಲ, ಟೌನ್ ಹಾಲ್ ಅಂತ ಹಾಕ್ಲಾ?" ಅಂದ. ಬೇಡ ಅಂದೆ. ಅಕ್ಷರ ಸಣ್ಣ ಮಾಡ್ಲಾ ಅಂದ. ಅದೂ ಬೇಡ ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಸ್ಕ್ರೀನ್ ನೋಡುತ್ತಾ ಕೂತೆವು. ಆಮೇಲೆ ಮುಖ್ಯ ಅತಿಥಿಗಳ ಹೆಸರಿನ ಹಿಂದಿದ್ದ ಮೂರು ಬಿರುದುಗಳಲ್ಲಿ ಎರಡನ್ನು ತೆಗೆಸಿದೆ. ಕೆಳಗೆ ಇನ್ನೊಂದು ಸಾಲಿಗೆ ಜಾಗ ಆಯಿತು.

ಅತಿಥಿಗಳಿಗೆ ಇನ್ನೂ ತೋರಿಸಿಲ್ಲ.

ಇಂತಿ,
ನಿಮ್ಮ ಊರಿನವಳೇ ಒಬ್ಬಳು